ಬೇಸಿಗೆಯಲ್ಲಿ ಬಂದ ಗಂಗಮ್ಮ

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಹನುಮಂತನಗರದ ಗುಡ್ಡದ ಕೆಳಗೆ, ಒಂದು ಕೆರೆಯ ಅಂಚಿನಲ್ಲಿತ್ತು. ನಗಬೇಡಿ ಮಕ್ಕಳೇ, ಬೆಂಗಳೂರಿನ ನಡುಮಧ್ಯದಲ್ಲೇ ಇತ್ತು. ನೀವು ನನ್ನನ್ನು ತಾತ ಎಂದು ಕರೆದಾಗ ಬಸ್ಸಿನಲ್ಲಿ ಜನ ತಿರುಗಿ ನೋಡುತ್ತಾರೆ, ಇವನ ಮೀಸೆ ಇನ್ನೂ ಅರ್ಧ ಕಪ್ಪಗಿದೆಯಲ್ಲ ಎಂದು. ಏನು ಮಾಡುವುದು, ನಿಮ್ಮ ಅಜ್ಜಿ ನನಗೆ ಅಕ್ಕ. ಅಕ್ಕನ ಮೊಮ್ಮಕ್ಕಳು ನನಗೂ ಮೊಮ್ಮಕ್ಕಳೇ. ಅವಳು ಈ ಕಥೆಯನ್ನು ನಿಮಗೆ ಯಾವತ್ತೂ ಹೇಳುವುದಿಲ್ಲ. ಹೇಳಲು ಹೊರಟರೆ ಇವತ್ತಿಗೂ ಅವಳಿಗೆ ಸಿಟ್ಟು ನೆತ್ತಿಗೇರುತ್ತದೆ. ನನಗೂ ಸಿಟ್ಟಿದೆ, ಆದರೆ ನಾನು ಬಾಯಿಬಡುಕ. ಹಾಗಾಗಿ ನಾನೇ ಹೇಳುತ್ತೇನೆ.

ಆಗಿನ್ನೂ ತೊಂಬತ್ತರ ದಶಕದ ಶುರು. ನಮ್ಮದು ಸೊಪ್ಪು ಬೆಳೆಯುವ ಮನೆತನ. ತಾತನ ಕಾಲದಿಂದಲೂ ಕೆರೆಯಂಚಿನ ತುಂಡು ನೆಲದಲ್ಲಿ ದಂಟು, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ ಬೆಳೆದು ಬಸವನಗುಡಿಯ ಬೀದಿಗಳಲ್ಲಿ ಮಾರುತ್ತಿದ್ದೆವು. ಬೆಳಗಿನ ಜಾವ ಅಪ್ಪ ಸೊಪ್ಪು ಕಿತ್ತರೆ ಅವ್ವ ಅದನ್ನು ಬಾಳೆನಾರಿನಲ್ಲಿ ಕಟ್ಟು ಕಟ್ಟುತ್ತಿದ್ದಳು. ಒದ್ದೆ ಮಣ್ಣು, ಹಸಿ ಕೊತ್ತಂಬರಿ, ಒಲೆಯ ಹೊಗೆ, ಮೂರೂ ಸೇರಿದ ವಾಸನೆಗೆ ನನಗೆ ಎಚ್ಚರವಾಗುತ್ತಿತ್ತು. ಅಕ್ಕ ತಲೆಯ ಮೇಲೆ ಸಿಂಬೆ ಇಟ್ಟು ಮಂಕರಿ ಹೊತ್ತರೆ ಸೊಪ್ಪಿನ ನೀರು ಅವಳ ಕಿವಿಯ ಹಿಂದೆ ತೊಟ್ಟಿಕ್ಕುತ್ತಿತ್ತು. ಬೀದಿಯಲ್ಲಿ ಕೂಗುವ ಕೆಲಸ ನನ್ನದು. ನನ್ನ ಗಂಟಲು ಕೇಳಿ ಮಲಗಿದ ನಾಯಿಗಳೂ ಎದ್ದು ಓಡುತ್ತಿದ್ದವು ಎಂದು ಅಕ್ಕ ಈಗಲೂ ಆಡಿಕೊಳ್ಳುತ್ತಾಳೆ.

ಬಸವನಗುಡಿಯಲ್ಲಿ ನಮಗೆ ತೀರ ಬೇಕಾದ ಮನೆಯೆಂದರೆ ರಾಯರದು. ರಾಯರು ದೊಡ್ಡ ಸರ್ಕಾರಿ ಕೆಲಸದಿಂದ ನಿವೃತ್ತರಾದವರು. ಬೀದಿ ದೀಪ ಕೆಟ್ಟರೂ ನಲ್ಲಿ ಕೆಟ್ಟರೂ ಜನ ಅವರ ಬಳಿಗೇ ಓಡುತ್ತಿದ್ದರು. ಅವರ ಮನೆಯ ಅಮ್ಮ ನನಗೆ ಕೋಡುಬಳೆ, ಅಕ್ಕನಿಗೆ ತಮ್ಮ ಮಗಳ ಹಳೆಯ ಲಂಗ ಕೊಡುತ್ತಿದ್ದರು. ಏಕಾದಶಿಯ ದಿನ ಉಪವಾಸವಿದ್ದು, ಮಾರನೆಯ ದಿನ ದ್ವಾದಶಿಯ ಬೆಳಿಗ್ಗೆಯೇ ಊಟ ಮಾಡುವ ಮನೆಗಳು ಆ ಬೀದಿಯಲ್ಲಿ ಬಹಳ. ಆ ಊಟಕ್ಕೆ ಅಗಸೆ ಸೊಪ್ಪು ಬೇಕೇ ಬೇಕು. ನಮ್ಮ ಕೆರೆ ಏರಿಯುದ್ದಕ್ಕೂ ಅಗಸೆ ಮರಗಳ ಸಾಲಿತ್ತು. ದ್ವಾದಶಿಯೆಂದರೆ ಅವರಿಗೆ ವ್ರತ ಮುಗಿದ ಊಟ, ನಮಗೆ ಒಳ್ಳೆಯ ವ್ಯಾಪಾರ.

ಆದರೆ ಕೆರೆಗೆ ಕಷ್ಟಕಾಲ ಬಂದಿತ್ತು. ಮೇಲಿನ ಬಡಾವಣೆಗಳಲ್ಲಿ ಖಾಲಿ ಜಾಗವೆಲ್ಲ ಮನೆಯಾಗಿ, ಮಳೆನೀರು ಹರಿದುಬರುತ್ತಿದ್ದ ಹಳ್ಳಗಳು ಮುಚ್ಚಿಹೋದವು. ಮಳೆ ಬಂದರೂ ಕೆರೆ ತುಂಬುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಂತೂ ನೀರು ನಡುವಿನ ಗುಂಡಿಗೆ ಇಳಿದು, ಸುತ್ತಲಿನ ಕೆಸರು ಒಣಗಿ ಹಪ್ಪಳವಾಯಿತು. ಅಕ್ಕಪಕ್ಕದ ಸೊಪ್ಪಿನವರು ಗಂಟುಮೂಟೆ ಕಟ್ಟಿ ಹೊರಟೇಬಿಟ್ಟರು. ನೀರು ಬಾರದಿದ್ದರೆ ನಾವೂ ಹೊರಡಬೇಕಾಗುತ್ತದೆ ಎಂದು ಅಪ್ಪ ದಿನಾ ಹೇಳುತ್ತಿದ್ದ. ಆ ಮಾತು ಕೇಳಿದರೆ ಅವ್ವನಿಗೆ ಜೀವವೇ ಹೋದ ಹಾಗೆ. ಅವಳ ಅತ್ತೆ ಮಾವನನ್ನು ಮಣ್ಣು ಮಾಡಿದ್ದು ಅಲ್ಲೇ ಹತ್ತಿರದಲ್ಲಿ. ಅಕ್ಕನೂ ನಾನೂ ಹುಟ್ಟಿದ್ದು ಆ ಮನೆಯಲ್ಲೇ.

ಅಂಥ ಹೊತ್ತಿನಲ್ಲಿ ಒಂದು ಸಂಜೆ ರಾಯರು ಕೆರೆ ಏರಿಯ ಮೇಲೆ ವಾಕಿಂಗ್ ಬಂದರು. ಅಪ್ಪನ ಹೆಗಲ ಮೇಲೆ ಕೈ ಹಾಕಿ ಮಾತಾಡಿದರು. ಅಂಥ ದೊಡ್ಡ ಮನುಷ್ಯ ಹೆಗಲ ಮೇಲೆ ಕೈ ಹಾಕಿದರೆ ಯಾರು ತಾನೇ ಕರಗುವುದಿಲ್ಲ? ಮೇಲಿನ ಬೀದಿಗಳ ಮಳೆನೀರನ್ನೆಲ್ಲ ಒಂದು ದಪ್ಪ ಪೈಪಿನಲ್ಲಿ ತರುತ್ತಿದ್ದಾರೆ, ಅದು ಕೆರೆಯ ಹತ್ತಿರ ಬಂದು ನಿಂತಿದೆ, ಕೊನೆಯ ಕಾಲುವೆಯನ್ನು ನೀವೇ ತೋಡಿಕೊಂಡರೆ ಕೆರೆ ಮತ್ತೆ ತುಂಬುತ್ತದೆ ಎಂದರು. ಅಪ್ಪ ಎರಡನೇ ಮಾತಾಡಲಿಲ್ಲ. ಅಪ್ಪ ಗುದ್ದಲಿ ಹಿಡಿದ, ಅವ್ವ ಅಕ್ಕ ಮಣ್ಣು ಹೊತ್ತರು, ನಾನು ಕಲ್ಲು ಆರಿಸಿ ಎಸೆದೆ. ಕೂಲಿಯ ಮಾತೇ ಇರಲಿಲ್ಲ. ನಮ್ಮ ಕೆರೆಗೆ ನಾವು ಮಾಡುವ ಸೇವೆ ಎಂದುಕೊಂಡೆವು.

ಕಾಲುವೆ ಮುಗಿದ ಮಾರನೆಯ ಬೆಳಿಗ್ಗೆಯೇ ನೀರು ಬಂತು. ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ. ಸುಡುಬೇಸಿಗೆಯಲ್ಲಿ ಮಳೆನೀರು ಎಲ್ಲಿಂದ ಬಂತು ಎಂದು ನಾವು ಯಾರೂ ಕೇಳಲಿಲ್ಲ. ಬಾಯಾರಿದವನು ಲೋಟ ಯಾರದೆಂದು ಕೇಳುತ್ತಾನೆಯೇ? ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದಳು. ಪೈಪಿನ ಬಾಯಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ತೆಂಗಿನಕಾಯಿ ಒಡೆದು, ಗಂಗಮ್ಮ ತಾಯಿ ನಮ್ಮ ಮನೆ ಹುಡುಕಿಕೊಂಡು ಬಂದಳು ಎಂದು ಅಡ್ಡಬಿದ್ದಳು. ನಮ್ಮನ್ನೂ ಅಡ್ಡಬೀಳಿಸಿದಳು. ನೀರು ಬೂದು ಬಣ್ಣಕ್ಕಿತ್ತು, ಮೇಲೆ ಸೋಪಿನ ನೊರೆ ತೇಲುತ್ತಿತ್ತು, ಏನೋ ಕಮಟು ವಾಸನೆ. ಅಕ್ಕ ಮೂಗು ಮುಚ್ಚಿಕೊಂಡದ್ದಕ್ಕೆ ಅವ್ವ ಅವಳ ತಲೆಗೆ ಮೊಟಕಿದಳು. ಮೊದಲ ನೀರು ಬೀದಿ ತೊಳೆದುಕೊಂಡು ಬರುತ್ತದೆ, ಆಮೇಲೆ ತಿಳಿಯಾಗುತ್ತದೆ ಎಂದು ಅಪ್ಪ ಸಮಾಧಾನ ಹೇಳಿದ.

ತಿಳಿಯಾಗುವ ಬದಲು ಅದು ದಿನೇ ದಿನೇ ಕಪ್ಪಾಯಿತು. ಆದರೆ ಸೊಪ್ಪನ್ನು ನೀವು ನೋಡಬೇಕಿತ್ತು. ದಂಟಿನ ಎಲೆ ಅಪ್ಪನ ಅಂಗೈಗಿಂತ ಅಗಲ, ಕೊತ್ತಂಬರಿ ಕಡುಹಸಿರು, ಮೆಂತ್ಯ ಕಿತ್ತಷ್ಟೂ ಚಿಗುರುತ್ತಿತ್ತು. ಏನು ಗೊಬ್ಬರ ಹಾಕುತ್ತೀರಿ ಎಂದು ಬಸವನಗುಡಿಯ ಅಮ್ಮಂದಿರು ಕೇಳಿದರೆ, ಅವ್ವ ಹೇಳಿಕೊಟ್ಟ ಹಾಗೆ ಅಕ್ಕ ಎಲ್ಲ ಗಂಗಮ್ಮನ ದಯೆ ಎನ್ನುತ್ತಿದ್ದಳು. ಶುಕ್ರವಾರ ಬಂದರೆ ಅವ್ವ ತಪ್ಪದೆ ಆ ಪೈಪಿಗೆ ಪೂಜೆ ಮಾಡುತ್ತಿದ್ದಳು. ಊರು ಬಿಡುವ ಮಾತು ನಮ್ಮ ಮನೆಯಲ್ಲಿ ನಿಂತೇಹೋಯಿತು.

ಮಳೆಗಾಲ ಹಿಡಿಯುವ ಮುಂಚೆ ಒಂದು ದ್ವಾದಶಿ ಬಂತು. ಆ ದಿನವನ್ನು ಹೇಳಲೆಂದೇ ಇಷ್ಟು ಹೊತ್ತು ಮಾತಾಡಿದೆ. ಅಗಸೆ ಸೊಪ್ಪು ಜಾಸ್ತಿಯಿದ್ದದ್ದರಿಂದ ಅಪ್ಪನೂ ಒಂದು ಮಂಕರಿ ಹೊತ್ತು ನಮ್ಮ ಜೊತೆ ಬಂದ. ಬೀದಿಯಲ್ಲಿ ಸಂಪಿಗೆಯ ಘಮ, ಬಾಗಿಲ ಮುಂದೆ ಒದ್ದೆ ರಂಗೋಲಿ, ಒಳಗಿನಿಂದ ಒಗ್ಗರಣೆಯ ಸದ್ದು. ನಾನು ಅಗಸೇ ಸೊಪ್ಪೂ ಎಂದು ಕೂಗಿದೆ. ಯಾರೂ ಹೊರಗೆ ಬರಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ ಕೂಗಿದೆ. ಒಬ್ಬರು ಕಿಟಕಿಯಿಂದ ನೋಡಿ ಒಳಗೆ ಸರಿದರು. ರಾಯರ ಮನೆಯ ಜಗುಲಿಯ ಮೇಲೆ ಅಮ್ಮ ಮೊರ ಇಟ್ಟುಕೊಂಡು ಅಗಸೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಅದು ನಮ್ಮ ಸೊಪ್ಪಲ್ಲ. ಪಕ್ಕದಲ್ಲಿ ಬಿದ್ದಿದ್ದ ದಾರ ಸೆಣಬಿನದು, ನಮ್ಮ ಬಾಳೆನಾರಲ್ಲ.

ಅಮ್ಮ ತಲೆಯೆತ್ತಲಿಲ್ಲ. ಇನ್ನು ಮೇಲೆ ನಮ್ಮ ಮನೆಗೆ ಸೊಪ್ಪು ಬೇಡ ಎಂದು ಅಕ್ಕನಿಗೆ ಹೇಳಿ, ಮೊರ ಎತ್ತಿಕೊಂಡು ಒಳಗೆ ಹೋಗಿಬಿಟ್ಟರು. ಸೊಪ್ಪೇನಾದರೂ ಬಾಡಿದೆಯೇ ಎಂದು ಅಪ್ಪ ಕೇಳುತ್ತಿರುವಾಗ ರಾಯರು ಟವಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಅವರ ಮಾತು.

“ತಪ್ಪು ತಿಳ್ಕೋಬೇಡಪ್ಪ. ನಿಮ್ಮ ಕೆರೆಗೆ ಈಗ ಮೋರಿ ನೀರು ಸೇರ್ತಿದೆ. ಬಚ್ಚಲು, ಕಕ್ಕಸು, ಎಲ್ಲಾ ಅಲ್ಲಿಗೇ ಹೋಗುತ್ತೆ. ಆ ಸೊಪ್ಪು ತಿಂದ್ರೆ ಕಾಯಿಲೆ ಬರುತ್ತೆ ಅಂತ ಬೀದಿಯವರಿಗೆಲ್ಲಾ ನಾನೇ ಹೇಳಿದೀನಿ.”

ಅಪ್ಪನಿಗೆ ಮಂಕರಿ ಇಳಿಸುವುದೂ ಮರೆತುಹೋಯಿತು. “ಮಳೆ ನೀರು ಅಂದ್ರಲ್ಲ ಸ್ವಾಮಿ, ನೀವು?”

“ಮಳೆ ಬಂದಾಗ ಮಳೆ ನೀರೂ ಬರುತ್ತೆ,” ಎಂದರು ರಾಯರು.

ಅಕ್ಕನಿಗೆ ಆಗಿನ್ನೂ ಹದಿನಾರು ತುಂಬಿರಲಿಲ್ಲ. ದೊಡ್ಡವರ ಮುಂದೆ ಬಾಯಿಬಿಡುವವಳೂ ಅಲ್ಲ. ಆವತ್ತು ಕೇಳಿಯೇಬಿಟ್ಟಳು. “ಹಂಗಾದ್ರೆ ನಿಮಗೆ ಮೊದ್ಲೇ ಗೊತ್ತಿತ್ತಾ?”

ರಾಯರು ಅವಳ ಮುಖ ನೋಡಲಿಲ್ಲ. ಬೀದಿಯಲ್ಲೆಲ್ಲ ಮೋರಿ ಉಕ್ಕಿ ಹರಿಯುತ್ತಿತ್ತು, ಎಲ್ಲಾದರೂ ಬಿಡಲೇಬೇಕಿತ್ತು, ಏನು ಮಾಡುವುದು ಎಂದು ಅಪ್ಪನಿಗೆ ಹೇಳಿದರು. ಬಿಸಿಲೇರುವುದರೊಳಗೆ ಊಟ ಮಾಡಬೇಕೆಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಕ್ಕಳೇ, ಆ ಪೈಪು ಶುರುವಾಗುವುದು ಅವರ ಬೀದಿಯಿಂದಲೇ. ಅವರ ಮನೆಯ ಕೊಳೆ ನಮ್ಮ ಪಾತಿಗೆ ಬಂತು, ನಮ್ಮ ಪಾತಿಯ ಸೊಪ್ಪು ಅವರ ಮನೆಗೆ ಬೇಡವಾಯಿತು. ಆ ಕೊಳೆ ಬರಲೆಂದು ನಮ್ಮ ಕೈಯಿಂದಲೇ ದಾರಿ ತೋಡಿಸಿದ್ದರು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಬೀದಿಯ ಕೊನೆಯ ಮನೆಯವರು ಹಸು ಸಾಕಿದ್ದರು. ನಮ್ಮ ಮುಖ ನೋಡಿ ಅವರಿಗೆ ಏನನ್ನಿಸಿತೋ, ಹಸುವಿಗಾದರೂ ಆಗುತ್ತದೆ, ಕಡಿಮೆಗೆ ಕೊಟ್ಟುಹೋಗಿ ಎಂದರು. ಬಾಯಿಲ್ಲದ ಪ್ರಾಣಿಗೆ ಬೇಡಮ್ಮ ಎಂದು ಅಪ್ಪ ನಡೆದುಬಿಟ್ಟ. ಎರಡು ಮಂಕರಿ ಸೊಪ್ಪೂ ಹೋದ ದಾರಿಯಲ್ಲೇ ಮನೆಗೆ ಬಂತು.

ಅವ್ವ ಒಲೆಯ ಮುಂದೆ ಮಸ್ಸೊಪ್ಪು ಮಸೆಯುತ್ತಿದ್ದಳು. ಅಕ್ಕ ಎಲ್ಲವನ್ನೂ ಹೇಳಿದಳು. ಅವ್ವ ಕೇಳಿಸಿಕೊಂಡು, ಮಡಕೆಯನ್ನು ಒಲೆಯಿಂದ ಇಳಿಸಿ, ನೆಟ್ಟಗೆ ಪೈಪಿನ ಹತ್ತಿರ ಹೋದಳು. ಹಿಂದಿನ ಶುಕ್ರವಾರದ ಕುಂಕುಮ ಇನ್ನೂ ಅದರ ಮೇಲೆ ಕೆಂಪಗಿತ್ತು. ಅದನ್ನು ಸೆರಗಿನಿಂದ ಉಜ್ಜಿದಳು, ಹೋಗಲಿಲ್ಲ. ಮಣ್ಣು ತೆಗೆದುಕೊಂಡು ಉಜ್ಜಿದಳು.

“ನನ್ನ ಕೈಯಲ್ಲಿ ಊರಿನ ಕಕ್ಕಸಿಗೆ ಕುಂಕುಮ ಇಡಿಸ್ಬಿಟ್ರಲ್ಲ,” ಎಂದು ಅಲ್ಲೇ ಕುಸಿದು ಕೂತು ಅತ್ತಳು. ಅವ್ವ ಹಾಗೆ ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೂ ಅಳು ಬಂತು. ಅಪ್ಪ ಗುದ್ದಲಿ ತಂದು, ತಾನೇ ತೋಡಿದ ಕಾಲುವೆಗೆ ಮಣ್ಣು ಎಳೆದು ಮುಚ್ಚತೊಡಗಿದ. ಮಧ್ಯಾಹ್ನದ ಹೊತ್ತಿಗೆ ನೀರು ಕಟ್ಟಿಕೊಂಡು, ಮಣ್ಣನ್ನು ಕೊಚ್ಚಿ, ಸೊಪ್ಪಿನ ಪಾತಿಗಳ ಮೇಲೆಲ್ಲ ಹರಿಯಿತು. ಅಪ್ಪ ಗುದ್ದಲಿ ಎಸೆದು ಏರಿಯ ಮೇಲೆ ಕೂತ. “ನೆಚ್ಚಿದ ಎಮ್ಮೆ ಕೋಣ ಈಯ್ತು,” ಎಂದ.

ಮಳೆಗಾಲ ಮುಗಿಯುವುದರೊಳಗೆ ನಾವು ಊರು ಬಿಟ್ಟೆವು. ಕೆಂಗೇರಿಯಾಚೆ ಒಂದು ಹೊಳೆಯ ದಡದಲ್ಲಿ ನೆಲ ಹಿಡಿದೆವು. ನಮ್ಮ ಕೆರೆಯ ಕೋಡಿ ಹರಿದು ಸೇರುವುದು ಆ ಹೊಳೆಗೇ ಎಂದು ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಅದೇ ಕಪ್ಪು, ಅದೇ ನೊರೆ, ಅದೇ ವಾಸನೆ. ಅಲ್ಲಿಂದಲೂ ಎದ್ದೆವು. ಆಮೇಲೆ ಅಪ್ಪ ಸೊಪ್ಪು ಬೆಳೆಯಲೇ ಇಲ್ಲ, ಒಂದು ಕಾರ್ಖಾನೆಯ ಗೇಟು ಕಾಯ್ದ. ಬರ ಬಂದರೆ, ನೆರೆ ಬಂದರೆ ಜನ ವಲಸೆ ಹೋಗುತ್ತಾರೆ ಎಂದು ನಿಮ್ಮ ಪಾಠದಲ್ಲಿದೆಯಲ್ಲ, ಮೊನ್ನೆ ಓದುತ್ತಿದ್ದಿರಿ. ನಾವು ಬರದಲ್ಲೂ ಹಲ್ಲು ಕಚ್ಚಿಕೊಂಡು ಇದ್ದವರು, ಎದ್ದದ್ದು ಈ ನೀರು ಬಂದಮೇಲೆ.

ನಿಮ್ಮದು ಈಗ ಒಂಬತ್ತನೇ ಮಹಡಿ. ಸೊಪ್ಪು ಪ್ಲಾಸ್ಟಿಕ್ ಕವರಿನಲ್ಲಿ, ಬೇರು ಕತ್ತರಿಸಿಕೊಂಡು, ಮಣ್ಣಿನ ವಾಸನೆಯೇ ಇಲ್ಲದೆ ಬಾಗಿಲಿಗೆ ಬರುತ್ತದೆ. ತಂದುಕೊಟ್ಟ ಹುಡುಗ ಯಾರ ಮನೆಯವನೆಂದು ನಿಮಗೆ ಗೊತ್ತಿಲ್ಲ, ನೀವು ಯಾರೆಂದು ಅವನಿಗೂ ಗೊತ್ತಿಲ್ಲ. ನಲ್ಲಿ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ಎಲ್ಲ ಮಾಯ. ನೀವು ಸುಖವಾಗಿರಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಸ್ನಾನ ಮುಗಿಸಿ ಬಂದಾಗ, ಈ ನೀರೆಲ್ಲ ಎಲ್ಲಿಗೆ ಹೋಗುತ್ತದೆ ಪುಟ್ಟಿ ಎಂದು ಕೇಳಿದೆ. ಕೆಳಗೆ ಎಂದಳು. ಅಲ್ಲಿಂದ ಹರಿದು ಹೋಗುವ ಕಡೆ ಯಾರಿದ್ದಾರೆ ಎಂದು ಕೇಳಿದೆ. ತಲೆ ಒರೆಸಿಕೊಳ್ಳುತ್ತಾ ಯೋಚಿಸಿ, “ನಂಗೊತ್ತಿಲ್ಲ ತಾತ,” ಎಂದಳು.

ಅವಳಿಗೆ ಗೊತ್ತಿಲ್ಲ, ಇನ್ನೂ ಮಗು. ರಾಯರಿಗೆ ಗೊತ್ತಿತ್ತು.