ಎರವಲು ಅಪ್ಪ

ಮಗನ ನಿಕಾಹ್‌ನ ದಿನವೂ ಖೈರುದ್ದೀನ್ ಕೂತದ್ದು ಬಾಗಿಲ ಬಳಿ, ಚಪ್ಪಲಿಗಳ ಪಕ್ಕದಲ್ಲಿ. ಅಲ್ಲಿ ಕೂರು ಎಂದು ಯಾರೂ ಹೇಳಿರಲಿಲ್ಲ. ಮಗನನ್ನು ಅಪ್ಪನ ಹೆಸರು ಕೇಳುವ ಕಡೆಯಲ್ಲೆಲ್ಲ ಹಿಂದೆ ಸರಿದು ಕೂತು ರೂಢಿಯಾಗಿತ್ತು.

ಅವನ ಊರು ಶಿಮುಲ್‌ಡಾಂಗಾ, ಗಡಿಯಂಚಿನ ದಿನಹಾಟಾ ಸೀಮೆಯ ಒಂದು ಛಿಟ್, ಪರದೇಶದ ತುಂಡು ನೆಲ. ಸುತ್ತಲೂ ಭಾರತ, ನಡುವಿನ ಅಷ್ಟು ಗದ್ದೆ ಮಾತ್ರ ಬಾಂಗ್ಲಾದೇಶ. ಬಾಂಗ್ಲಾದೇಶದ ಅಧಿಕಾರಿಗಳು ಅಲ್ಲಿಗೆ ಕಾಲಿಡಲಿಲ್ಲ. ಭಾರತದ ಕರೆಂಟು ತಂತಿ ಅವರ ನೆತ್ತಿಯ ಮೇಲೇ ಹಾದು ಮುಂದಿನ ಊರಿಗೆ ಬೆಳಕು ಕೊಟ್ಟಿತು. ಹೆಂಡತಿ ಸೂರ್ಜಭಾನುವಿಗೆ ಹೆರಿಗೆ ನೋವು ಬಂದಾಗ ಗಂಡನೆಂದು ಛಿಟ್‌ನವನ ಹೆಸರು ಹೇಳಿದರೆ ಆಸ್ಪತ್ರೆಯೊಳಗೆ ಬಿಡುತ್ತಿರಲಿಲ್ಲ. ಖೈರುದ್ದೀನ್ ಊರವರೆಲ್ಲ ಮಾಡುತ್ತಿದ್ದುದನ್ನೇ ಮಾಡಿದ: ಬದುವಿನಾಚೆ ಭಾರತದಲ್ಲಿದ್ದ ಗೆಳೆಯ ತೊಫಜ್ಜಲ್‌ನನ್ನು, ನೇಗಿಲು ತರುವ ಹಾಗೆ, ಎರವಲು ತಂದ. ಆಸ್ಪತ್ರೆಯ ಲೆಕ್ಕಕ್ಕೆ ಅವನೇ ಗಂಡ. ಮುಂದೆ ಮಗ ಮಿಜಾನನ ಶಾಲೆಗೂ ಗುರುತಿನ ಚೀಟಿಗೂ ಅವನೇ ಅಪ್ಪ. ಸೂರ್ಜಭಾನು ಸಿಕ್ಕಾಗಲೆಲ್ಲ ತೊಫಜ್ಜಲ್‌ನ ಹೆಂಡತಿ, "ಬಾರೇ ಸವತಿ, ನಿನ್ನ ಗಂಡ ದನ ಮೇಯಿಸೋಕೆ ಹೋಗಿದಾನೆ" ಎಂದು ಕಾಡುತ್ತಿದ್ದಳು.

ಎರಡೂ ಸರ್ಕಾರಗಳು ಇಂಥ ತುಂಡುಗಳನ್ನು ಅದಲುಬದಲು ಮಾಡುವ ಒಪ್ಪಂದಕ್ಕೆ ಸಹಿ ಹಾಕಿ ನಾಲ್ಕು ದಶಕ ಅದರ ಮೇಲೇ ಕೂತಿದ್ದವು. ಕೊನೆಗೆ ಎದ್ದವು. ಛಿಟ್ ಭಾರತವಾಯಿತು, ಬಾವುಟ ಹಾರಿತು, ದೊಡ್ಡವರು ಭಾಷಣ ಮಾಡಿ ಹೋದರು. ಮಣ್ಣಿಗೆ ದೇಶ ಸಿಕ್ಕಿತು. ಮಕ್ಕಳಿಗೆ ಅಪ್ಪಂದಿರನ್ನು ವಾಪಸು ಕೊಡಬೇಕೆಂಬುದು ಮಾತ್ರ ಯಾವ ಮಹಾನುಭಾವನ ತಲೆಗೂ ಹೊಳೆಯಲಿಲ್ಲ. ಖೈರುದ್ದೀನ್ ಮಗನ ಚೀಟಿ ತಿದ್ದಿಸಲು ಹೋದ.

"ಅವನು ನಿನ್ನ ಮಗ ಅನ್ನೋಕೆ ಪುರಾವೆ?" ಎಂದ ಗುಮಾಸ್ತ.

"ಇಬ್ಬರ ಮೂಗೂ ನೋಡಿ ಸ್ವಾಮಿ."

"ಮೂಗಿನ ಮೇಲೆ ಮೊಹರು ಒತ್ತೋಕಾಗುತ್ತೇನಯ್ಯಾ?"

ಅಲ್ಲಿಗೆ ಅದು ಮುಗಿಯಿತು. ಈಗ ನಿಕಾಹ್.

"ಹುಡುಗನ ಅಪ್ಪ ಮುಂದೆ ಬನ್ನಿ" ಎಂದರು ಕಾಜಿ.

ಖೈರುದ್ದೀನ್ ಪಕ್ಕದಲ್ಲಿದ್ದ ತೊಫಜ್ಜಲ್‌ನನ್ನು ತಿವಿದ. "ಏಳೋ, ಕರೀತಿದಾರೆ."

"ನಿನ್ನ ತಲೆ! ಇದೇನು ಆಸ್ಪತ್ರೇನಾ?"

ಛಿಟ್‌ನವರು ಗೊಳ್ಳೆಂದು ನಕ್ಕರು. ಹೆಣ್ಣಿನ ಸೋದರಮಾವ ನಗಲಿಲ್ಲ. "ಏನ್ರೀ ಇದು, ಇಬ್ಬಿಬ್ಬರು ಅಪ್ಪಂದಿರ ಹುಡುಗನಿಗೆ ನಮ್ಮ ಹೆಣ್ಣು ಕೊಡೋದಾ?"

ಕಾಜಿ ಚೀಟಿ ತಿರುಗಿಸಿ ನೋಡಿದರು. "ಇದರಲ್ಲಿ ತೊಫಜ್ಜಲ್ ಅಂತಿದೆಯಲ್ಲ."

"ಹಂಗೇ ಬರ್ಕೊಳ್ಳಿ ಸಾಹೇಬ್ರೇ" ಎಂದ ಖೈರುದ್ದೀನ್, ಕೂತಲ್ಲಿಂದಲೇ. "ನಮಗೇನೂ ಬೇಜಾರಿಲ್ಲ."

ಮಿಜಾನ್ ತಲೆಯ ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡ. "ನನಗೆ ಬೇಜಾರಿದೆ. ಅಬ್ಬಾನ ಹೆಸರು ಹೇಳದಿದ್ರೆ ನಾನು ಕಬೂಲ್ ಅನ್ನಲ್ಲ."

ಸೋದರಮಾವ ಮಿಜಾನನ ಮೂಗನ್ನೂ ಬಾಗಿಲ ಬಳಿ ಕೂತವನ ಮೂಗನ್ನೂ ನೋಡಿದ. ಕಾಜಿ ಗಡ್ಡ ನೀವಿಕೊಂಡು ನಿಕಾಹ್ ದಾಖಲೆಯ ಪುಸ್ತಕ ತೆರೆದರು.

"ನೋಡಪ್ಪಾ, ಪುಸ್ತಕ ಸರ್ಕಾರದ್ದು. ಚೀಟೀಲಿ ಇದ್ದಿದ್ದನ್ನೇ ಬರೀತೀನಿ. ನಾಲಿಗೆ ನನ್ನದು."

ಆಮೇಲೆ ಪೂರ್ತಿ ಹೆಸರು ಹಿಡಿದು, ಕೋಣೆ ತುಂಬ ಕೇಳುವಂತೆ, "ಶಿಮುಲ್‌ಡಾಂಗಾದ ಖೈರುದ್ದೀನನ ಮಗ ಮಿಜಾನೂರ್" ಎಂದರು.

ಕಬೂಲ್ ಆಯಿತು. ತೊಫಜ್ಜಲ್ ಗೊಣಗುತ್ತಲೇ ಪುಸ್ತಕದಲ್ಲಿ ಅಪ್ಪನ ಜಾಗಕ್ಕೆ ಸಹಿ ಹಾಕಿ, ಚಪ್ಪಲಿಗಳ ಪಕ್ಕದಿಂದ ಗೆಳೆಯನನ್ನು ರಟ್ಟೆ ಹಿಡಿದು ಎಳೆದುತಂದು ಮದುಮಗನ ಪಕ್ಕ ಕುಳ್ಳಿರಿಸಿದ. ಶರಬತ್ತು ಬಂತು. "ಮೊದಲು ಹುಡುಗನ ಅಪ್ಪನಿಗೆ" ಎಂದರು ಹೆಣ್ಣಿನ ಕಡೆಯವರು. ಖೈರುದ್ದೀನ್ ಲೋಟ ತೆಗೆದುಕೊಂಡು ತೊಫಜ್ಜಲ್‌ನತ್ತ ಚಾಚಿದ.

ಮಿಜಾನ್ ಅಬ್ಬಾನ ಮಣಿಕಟ್ಟು ಹಿಡಿದು ಲೋಟವನ್ನು ಅಬ್ಬಾನ ಬಾಯಿಯ ಕಡೆಗೇ ತಿರುಗಿಸಿದ.