ಭಾನುವಾರದ ಅಳಿಯ

ಮಗಳು ಹುಟ್ಟಿದ ಹೊಸತರಲ್ಲಿ ನಾನು ವಾರಕ್ಕೊಂದು ದಿನ ಮಾತ್ರ ಅಪ್ಪ. ಆ ಒಂದು ದಿನವನ್ನೂ ಅಪ್ಪನಾಗಿ ಕಳೆಯದೆ ಅಳಿಯನಾಗಿ ಕಳೆದೆ. ಹೆಂಡತಿ ಬಾಣಂತನಕ್ಕೆಂದು ಬೂದಿಕೋಟೆ ಹತ್ತಿರದ ಹಳ್ಳಿಯ ತನ್ನ ತವರಿನಲ್ಲಿದ್ದಳು. ನಾನು ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾ ರಾಬರ್ಟ್‌ಸನ್‌ಪೇಟೆಯ ಬಾಡಿಗೆ ಮನೆಯಲ್ಲಿ ಒಬ್ಬನೇ ಅನ್ನ ಬೇಯಿಸಿಕೊಂಡಿದ್ದೆ. ಭಾನುವಾರ ಬೆಳಿಗ್ಗೆ ಎದ್ದು ಬಂಗಾರಪೇಟೆಗೆ ಹೋಗಿ, ಅಲ್ಲಿ ಬೂದಿಕೋಟೆಯ ಬಸ್ಸು ಹತ್ತುತ್ತಿದ್ದೆ. ಸಂಜೆ ಮಾವ ಡೈರಿಗೆ ಹಾಲು ಹಾಕಲು ಹೊರಡುವಾಗ ಅವರ ಗಾಡಿಯಲ್ಲೇ ಹಿಂದೆ ಕೂತು ಬಸ್ಸಿಗೆ ವಾಪಸ್ಸು.

ನಾನು ಗದಗದ ಕಡೆಯವನು. ನಮ್ಮದು ಮೆಚ್ಚಿ ಮಾಡಿಕೊಂಡ ಮದುವೆ. ‘ಎಲ್ಲಿಯವನೋ, ಎಂಥವನೋ’ ಎಂದು ಆ ಮನೆಯಲ್ಲಿ ಎಲ್ಲರೂ ಮುಖ ತಿರುಗಿಸಿದಾಗ, ‘ಹುಡುಗನ ಮುಖದಲ್ಲಿ ಕೇಡಿಲ್ಲ’ ಎಂದು ಮೊದಲು ಒಪ್ಪಿದವರು ಅತ್ತೆ. ಹಾಗಂತ ಹೆಂಡತಿ ಹೇಳಿದ್ದು. ಅತ್ತೆ ನನ್ನೊಡನೆ ಮಾತಾಡಿದ್ದೇ ಇಲ್ಲ. ಅಳಿಯನ ಎದುರು ನಿಲ್ಲುವುದು, ನೇರ ಮಾತಾಡುವುದು ಅವರ ತಾಯಿಯ ಕಾಲದಿಂದಲೂ ಆ ಮನೆಯಲ್ಲಿಲ್ಲ. ಈ ಕಾಲದಲ್ಲೂ ಅದೆಲ್ಲ ಇದೆಯೇ ಎಂದು ಕಾರ್ಖಾನೆಯ ಗೆಳೆಯರು ನಗುತ್ತಿದ್ದರು. ಇತ್ತು. ನಾನು ಉಣ್ಣಲು ಕೂತರೆ ಅತ್ತೆ ಬಾಗಿಲ ಮರೆಯಿಂದ ಸಾರಿನ ಪಾತ್ರೆ ಸರಿಸುತ್ತಿದ್ದರು, ಮಾವ ಬಡಿಸುತ್ತಿದ್ದರು.

“ಇನ್ನೆಲ್ಡು ತುಂಡು ಆಕಿ. ಅಳಿಯಂದ್ರು ನಾಚ್ಕಂತವ್ರೆ,” ಎಂದು ಒಳಗಿನಿಂದ ಮಾವನಿಗೆ ಅಪ್ಪಣೆಯಾಗುತ್ತಿತ್ತು.

ಪ್ರತಿ ವಾರ ನಾಟಿಕೋಳಿ. ರೊಟ್ಟಿ ತಿಂದು ಬೆಳೆದ ನಾನು ಮುದ್ದೆ ನುಂಗುವುದನ್ನು ಕಲಿತದ್ದು ಆ ಸಾರಿನಿಂದಲೇ. ಅಳಿಯನ ಉಪಚಾರ ಅಂದರೆ ಹೀಗಿರಬೇಕು ಎಂದುಕೊಂಡು ನಾನು ಹೊಟ್ಟೆ ಬಿರಿಯ ಉಣ್ಣುತ್ತಿದ್ದೆ. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಇನ್ನು ಮಗಳು. ನಡುಮನೆಯ ತೊಲೆಗೆ ಕಟ್ಟಿದ ಹಳೇ ಸೀರೆಯ ಜೋಲಿಯಲ್ಲಿ ಅವಳು ಮಲಗಿರುತ್ತಿದ್ದಳು. ಎಣ್ಣೆ ಹಚ್ಚಿ, ಬಿಸಿನೀರು ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಕೆನ್ನೆಗೊಂದು ಕಪ್ಪು ಬೊಟ್ಟಿಟ್ಟು ನಾನು ಬರುವಷ್ಟರಲ್ಲಿ ಸಿದ್ಧಮಾಡಿರುತ್ತಿದ್ದರು. ನಾನು ಜೋಲಿಯ ಅಂಚು ಸರಿಸಿ ಇಣುಕುತ್ತಿದ್ದೆ. ಮುಷ್ಟಿ ಬಿಗಿದ ಕೈಗಳು, ಕೈಗೆ ಕಟ್ಟಿದ ಬಜೆಯ ತುಂಡು, ಹಾಲು ಕುಡಿದು ಒಣಗಿದ ತುಟಿ. ಫೋನು ತೆಗೆದು ಆ ಕಡೆಯಿಂದ, ಈ ಕಡೆಯಿಂದ ಫೋಟೋ ಹಿಡಿಯುತ್ತಿದ್ದೆ. ಸೋಮವಾರ ಕಾರ್ಖಾನೆಯಲ್ಲಿ ಆ ಫೋಟೋ ನೋಡದವರು ಯಾರೂ ಇರುತ್ತಿರಲಿಲ್ಲ. ಮಗಳು ಹುಟ್ಟಿದಳೆಂದು ಶಿಫ್ಟಿನವರಿಗೆಲ್ಲ ಮೈಸೂರುಪಾಕು ಹಂಚಿದವನು ನಾನು.

ಆದರೆ ಮಗಳನ್ನು ಎತ್ತಿಕೊಳ್ಳುತ್ತಿರಲಿಲ್ಲ.

ಹೆದರಿಕೆ. ಬೇರೆ ಏನೂ ಅಲ್ಲ. ಹುಟ್ಟಿದ ದಿನ ಆಸ್ಪತ್ರೆಯಲ್ಲಿ ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟಾಗ ಆ ಪುಟ್ಟ ತಲೆ ಒಂದು ಕಡೆಗೆ ವಾಲಿತು. ಅವರೇ ತಟ್ಟನೆ ಹಿಡಿದುಕೊಂಡರು, ಏನೂ ಆಗಲಿಲ್ಲ. ಸುತ್ತ ನಿಂತವರು ನಕ್ಕರು, ನಾನೂ ನಕ್ಕೆ. ಆದರೆ ಅಂದಿನಿಂದ ಅವಳನ್ನು ಯಾರಾದರೂ ನನ್ನ ಕಡೆ ಚಾಚಿದರೆ ಅಂಗೈ ಬೆವರುತ್ತಿತ್ತು. ಕಾರ್ಖಾನೆಯಲ್ಲಿ ನನ್ನದು ತಯಾರಾದ ಭಾಗಗಳನ್ನು ಅಳೆದು ನೋಡುವ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಪಕ್ಕಕ್ಕಿಡುವವನು, ಕೈ ನಡುಗದವನು ಎಂದು ಹೆಸರು ಬೇರೆ. ಬೀದಿಯಲ್ಲಿ ಹುಲಿ, ಮನೆಯಲ್ಲಿ ಇಲಿ. ಇಲಿಯೆಂದು ಒಪ್ಪಿಕೊಳ್ಳಲು ನಾಚಿಕೆಯಾಗಿ ನೆಪ ಹೇಳುತ್ತಿದ್ದೆ. ಬಸ್ಸಿನ ಧೂಳು ಅಂದೆ. ನಿದ್ದೆ ಕೆಡುತ್ತದೆ ಅಂದೆ. ಹೆಂಡತಿ ತಲೆಗೆ ಬಟ್ಟೆ ಸುತ್ತಿಕೊಂಡು ಮಗುವನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದರೆ, “ನಿನ್ನ ಹತ್ರಾನೇ ಇರಲಿ ಬಿಡು,” ಎಂದು ಜೇಬಿನಿಂದ ಫೋನು ತೆಗೆಯುತ್ತಿದ್ದೆ.

ಒಮ್ಮೆ ಅವಳು, “ನಿಮ್ಗೆ ಬೇಜಾರೇನ್ರೀ?” ಎಂದು ಕೇಳಿದಳು.

“ಬಸ್ಸಲ್ಲಿ ನಿಂತು ಸುಸ್ತು,” ಅಂದೆ. ಅವಳು ಮತ್ತೆ ಕೇಳಲಿಲ್ಲ.

ಅಳಿಯನಾಗಿರುವುದರ ಅನುಕೂಲವೂ ಇದೇ. ಬೇರೆ ಯಾರಾಗಿದ್ದರೂ, ‘ಏನಯ್ಯ, ನಿನ್ನ ಮಗುವನ್ನು ಎತ್ತಿಕೊಳ್ಳೋಕೆ ಏನು ಧಾಡಿ’ ಎಂದು ಕೇಳಿಬಿಡುತ್ತಿದ್ದರು. ಅಳಿಯನನ್ನು ಹಾಗೆ ಕೇಳುವ ಹಾಗಿಲ್ಲ. ಮರ್ಯಾದೆ ಅಡ್ಡ. ಆ ಮರ್ಯಾದೆಯ ಹಿಂದೆ ನಾನು ಆರಾಮಾಗಿ ಅಡಗಿ ಕೂತಿದ್ದೆ.

ಮಗಳಿಗೆ ಎರಡು ತಿಂಗಳು ತುಂಬುವ ಸಮಯ. ಆ ಭಾನುವಾರ ಉಂಡು, ಜಗಲಿಯಲ್ಲಿ ಅಡ್ಡಾಗಿ, ಎದ್ದು ಮುಖ ತೊಳೆಯಲೆಂದು ಹಿತ್ತಲಿಗೆ ಹೋದೆ. ಮಾವ ಮನೆಯಲ್ಲಿರಲಿಲ್ಲ. ಕೊಟ್ಟಿಗೆಯಲ್ಲಿ ಅತ್ತೆ ಹಾಲು ಕರೆಯುತ್ತಿದ್ದರು. ಪಕ್ಕದ ಮನೆಯ ಹೆಂಗಸು ಹತ್ತಿರದಲ್ಲೇ ನಿಂತಂತಿತ್ತು. ನನಗೂ ಅವರಿಗೂ ನಡುವೆ ಒಂದು ತಗಡಿನ ಮರೆ.

“ಅಳಿಯಂದ್ರು ಪಾಪನ್ನ ಇನ್ನೂ ಎತ್ಕಂಡಿಲ್ವಂತೆ?” ಎಂದಳು ಆ ಹೆಂಗಸು.

ಹಾಲು ಬೀಳುವ ಸದ್ದು ನಿಂತು ಅತ್ತೆಯ ದನಿ ಬಂತು. “ಎಣ್ಣು ಅಂತ ಮನ್ಸಿಗೆ ಇಡ್ಕಂಡವ್ರೆ ಕಣಮ್ಮ. ಏನ್ ಮಾಡಾನ? ನಾನೇ ಎಲ್ರ ಬಾಯಿ ಮುಚ್ಸಿ ಈ ಮದ್ವೆ ಮಾಡ್ಸಿದ್ದು. ಈಗ ಯಾರತ್ರ ಯೋಳ್ಕಳ್ಳಿ?”

“ಮಾತಾಡ್ಸಿ ನೋಡು.”

“ನಾನೆಂಗೆ ಮಾತಾಡ್ಸಲಿ? ಬಾಯಿಗೆ ರುಚಿಯಾಗಿ ಮಾಡಾಕುದ್ರೆ ಮನ್ಸು ಕರಗ್ತದೇನೋ ಅಂತ ವಾರವಾರ ಕೋಳಿ ಕುಯ್ತಾ ಇವ್ನಿ.”

ಹಾಲು ಪಾತ್ರೆಗೆ ಬೀಳುವ ಸದ್ದು ಮತ್ತೆ ಶುರುವಾಯಿತು. ನಾನು ಚೊಂಬು ಹಿಡಿದು ಅಲ್ಲೇ ನಿಂತೆ. ನೆಲ ಬಾಯಿಬಿಟ್ಟರೆ ಇಳಿದುಬಿಡೋಣ ಅನ್ನಿಸಿತು. ಹೆಣ್ಣೆಂದು ಮುಖ ಸಿಂಡರಿಸಿದ ಗಂಡಸರನ್ನು ನಾನು ನೋಡಿದ್ದೇನೆ, ನಮ್ಮೂರಲ್ಲೇ ಇದ್ದಾರೆ, ಅವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈ ಮನೆಯಲ್ಲಿ ಅವರ ಸಾಲಿನಲ್ಲೇ ನನ್ನನ್ನೂ ಕೂರಿಸಿ, ಆದರೂ ಬೈಯದೆ, ಕೋಳಿ ಕುಯ್ದು ಬಡಿಸುತ್ತಿದ್ದರು. ನಾನು ಮೂಳೆ ಚೀಪುತ್ತಿದ್ದೆ. ಹೆದರಿಕೆಯೋ ಬಿಗುಮಾನವೋ, ಅಳಿಯ ಅಲ್ಲ ಮಗಳ ಗಂಡ ಅಂದಹಾಗೆ, ನೋಡುವವರಿಗೆ ಎರಡೂ ಒಂದೇ. ಅವರ ತಪ್ಪೇನೂ ಇರಲಿಲ್ಲ.

ನೆಟ್ಟಗೆ ನಡುಮನೆಗೆ ಬಂದೆ. ಹೆಂಡತಿ ಕೋಣೆಯಲ್ಲಿ ಮಲಗಿದ್ದಳು. ಜೋಲಿಯಲ್ಲಿ ಮಗಳು ಎಚ್ಚರಗೊಂಡು ತೊಲೆಯ ಕಡೆ ನೋಡುತ್ತಿದ್ದಳು. ಯೋಚಿಸಿದರೆ ಧೈರ್ಯ ಹೋಗುತ್ತದೆಂದು ಯೋಚಿಸಲಿಲ್ಲ. ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿದೆ. ಬಂದಳು, ಎಷ್ಟು ಹಗುರ! ಮರುಕ್ಷಣವೇ ತಲೆ ಹಿಂದಕ್ಕೆ ವಾಲಿತು. ಹಿಡಿಯೋಣವೆಂದರೆ ನನಗೆ ಮೂರನೆಯ ಕೈ ಇರಲಿಲ್ಲ.

“ಕತ್ತು! ಕತ್ತು ಇಡ್ಕೊಳ್ಲಾ ಮುಂಡೇದೆ!”

ಹಿಂಬಾಗಿಲಲ್ಲಿ ಅತ್ತೆ. ಹಾಲಿನ ಪಾತ್ರೆಯನ್ನು ಅಲ್ಲೇ ಕುಕ್ಕಿ ಓಡಿಬಂದರು. ಅವರ ಅಂಗೈ ಮಗಳ ತಲೆಯ ಕೆಳಗೆ ಬಂತು, ಇನ್ನೊಂದು ಕೈ ನನ್ನ ಮುಂಗೈ ಹಿಡಿದು ಮೇಲಕ್ಕೆ ತಳ್ಳಿತು. ಹಸುವಿನ ವಾಸನೆ, ಹಸಿ ಹಾಲಿನ ವಾಸನೆ. ಮದುವೆಯಾದ ಮೇಲೆ ಅವರನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಆಗಲೇ. ಹಣೆಯಲ್ಲಿ ಬೆವರು, ಕಣ್ಣಲ್ಲಿ ಸಿಟ್ಟು. ಆಮೇಲೆ ತಾನು ಯಾರಿಗೆ ಏನಂದೆ ಎಂಬುದು ಅವರಿಗೆ ತಿಳಿಯಿತು. ಮುಖ ಬಿಳಿಚಿತು. ಮಗುವನ್ನು ತಮ್ಮ ಕೈಗೆ ತೆಗೆದುಕೊಂಡು, ಸೆರಗು ಬಾಯಿಗೆ ಅಡ್ಡ ಹಿಡಿದು ಬಾಗಿಲ ಮರೆಗೆ ಹೊರಟರು. ಬೈಸಿಕೊಂಡವನು ನಾನು, ನಾಚಿಕೊಂಡವರು ಅವರು. ಇದನ್ನು ನನ್ನಿಂದ ಸಹಿಸಲಾಗಲಿಲ್ಲ.

ಗಾಬರಿಯಲ್ಲಿ ನಮ್ಮೂರ ಮಾತೇ ಬಾಯಿಗೆ ಬಂತು. “ಅತ್ತೀ, ಹೋಗಬ್ಯಾಡ್ರಿ. ನನಗ ಎತ್ತಿಕೊಳ್ಳಾಕ ಬರೂದಿಲ್ರಿ. ಅಂಜಿಕಿ ಆಗ್ತೈತಿ. ಅದಕ್ಕ ದೂರ ನಿಲ್ತಿದ್ದೆ, ಹೆಣ್ಣು ಅಂತ ಅಲ್ಲ.”

ಅವರು ನಿಂತರು. ನಾನು ಹಿತ್ತಲಲ್ಲಿ ಕೇಳಿಸಿಕೊಂಡೆ ಎಂದು ಗೊತ್ತಾಗಿ ಅವರ ತಲೆ ಇನ್ನಷ್ಟು ತಗ್ಗಿತು. ಗೋಡೆಯ ಕಡೆಗೇ ಮುಖ ಮಾಡಿ ಕೇಳಿದರು. “ಎದ್ರಿಕೆನಾ?”

“ಹೌದ್ರಿ.”

“ಅಷ್ಟೇನಾ?”

“ಅಷ್ಟ ರೀ.”

ಅತ್ತೆ ಸೆರಗು ಬಿಟ್ಟು ನನ್ನ ಕಡೆ ತಿರುಗಿದರು. ಮಗುವನ್ನು ಒಂದು ಕೈಯಲ್ಲಿ ಆನಿಸಿಕೊಂಡು ನನ್ನ ಎಡಗೈಯನ್ನು ತಾವೇ ಎಳೆದು ಮಡಿಸಿ, ಮಗಳನ್ನು ಅದರೊಳಗೆ ಇಳಿಸಿದರು. “ಕತ್ತು ಈ ಮೊಣಕೈ ಒಳಗೆ ಬರ್ಬೇಕು. ಬಲಗೈ ಅಂಡಿನ ಕೆಳಗೆ. ಬಿಗಿ ಇಡೀಬೇಡಿ, ಎದೆಗೆ ಆನಿಸ್ಕಳಿ. ಉಸ್ರು ಬಿಡಿ, ಅದ್ಯಾಕೆ ಉಸ್ರು ಕಟ್ಕಂಡಿದೀರಿ?”

ಉಸಿರು ಬಿಟ್ಟೆ. ಮಗಳು ನನ್ನ ಅಂಗಿಯ ಗುಂಡಿಯ ಹತ್ತಿರ ಮೂಗುಜ್ಜಿ, ಏನೋ ಹುಡುಕಿ, ಸಿಗದೆ, ಸುಮ್ಮನಾದಳು. ಬೆಚ್ಚಗಿದ್ದಳು. ಎರಡು ತಿಂಗಳಿನ ಫೋಟೋಗಳಲ್ಲಿ ಯಾವುದರಲ್ಲೂ ಈ ಬಿಸಿ ಇರಲಿಲ್ಲ. ನನಗೆ ನಿಜವಾಗಿಯೂ ಸಂತೋಷವಾಯಿತು. ಎಲ್ಲ ಸರಿಹೋಯಿತು, ಒಂದು ತಪ್ಪು ತಿಳುವಳಿಕೆ ಇತ್ತು, ಮುದುಕಿಯರ ಕೊಟ್ಟಿಗೆ ಮಾತು, ತಿಳಿಯಾಯಿತು ಎಂದುಕೊಂಡೆ. ಹೆಮ್ಮೆಯಿಂದ ಹೆಂಡತಿಗೆ ತೋರಿಸೋಣವೆಂದು ಕೋಣೆಯ ಕಡೆ ತಿರುಗಿದೆ.

ಅವಳು ಬಾಗಿಲಲ್ಲೇ ನಿಂತಿದ್ದಳು. ಯಾವಾಗ ಎದ್ದು ಬಂದಳೋ. ಕೆನ್ನೆ ಒದ್ದೆಯಾಗಿತ್ತು.

“ನಾನೂ ಅಂಗೇ ಅನ್ಕಂಡಿದ್ದೆ,” ಅಂದಳು. “ಅಮ್ಮ ಒಬ್ಳೇ ಅಲ್ಲ. ‘ನಿಮ್ಮಪ್ಪ ಕೆಟ್ಟೋನಲ್ಲ, ಸ್ವಲ್ಪ ದಿನ ಓಗ್ಲಿ, ಎತ್ಕಂತಾನೆ’ ಅಂತ ದಿನಾ ಪಾಪನ್ಗೆ ಯೋಳ್ತಿದ್ದೆ.”

ಮುಖ ಮುಚ್ಚಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಮಗಳಿದ್ದಳು.