ಕೆಂಪು ಶಾಯಿಯ ಸಹಿ

ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಕೈಯಲ್ಲಿ ಒಂದು ಕೆಂಪು ಪೆನ್ನಿತ್ತು. ಉತ್ತರಪತ್ರಿಕೆ ತಿದ್ದುವ ಮಾಮೂಲಿ ಪೆನ್ನು. ಯೋಚನೆ ಬಂದಾಗಲೆಲ್ಲ ಕಚ್ಚಿ ಕಚ್ಚಿ ಅದರ ಮುಚ್ಚಳದ ತುದಿ ಚಪ್ಪಟೆಯಾಗಿತ್ತು. ಆಳಂದದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವ ನಾನು ಆ ಬೆಳಿಗ್ಗೆ ಪತ್ರಿಕೆಗಳ ಕಟ್ಟು ಬಿಚ್ಚಿ ಕೂತಿದ್ದಾಗ ಅವ್ವನ ಫೋನು ಬಂದಿತ್ತು. ಚೊಚ್ಚಲ ಹೆರಿಗೆಗೆಂದು ನಿಂಬರ್ಗಾದ ತವರಿಗೆ ಬಂದಿದ್ದ ತಂಗಿ ಕಸ್ತೂರಿಗೆ ನೋವು ಶುರುವಾಗಿ, ಅಪ್ಪ ಅವ್ವ ಅವಳನ್ನು ಆಳಂದದ ಆಸ್ಪತ್ರೆಗೆ ಕರೆತರುತ್ತಿದ್ದರು. ಪೆನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿದ್ದೆ ಎಂಬುದು ಆಮೇಲೆ ಗೊತ್ತಾಯಿತು.

ನಾನು ತಲುಪುವಷ್ಟರಲ್ಲಿ ವೈದ್ಯರು ನೋಡಿಯಾಗಿತ್ತು. ಕೂಸಿನ ಎದೆಬಡಿತ ಇಳಿಯುತ್ತಿದೆ, ಈಗಲೇ ಆಪರೇಷನ್ ಆಗಬೇಕು, ತಡವಾದರೆ ತಾಯಿಗೂ ಅಪಾಯ ಎಂದರು. ನರ್ಸಮ್ಮ ಒಂದು ಹಾಳೆಯನ್ನು ನನ್ನ ಕೈಗೆ ತುರುಕಿ, "ಲಗೂನ ಸಹಿ ಮಾಡಿಸಿ ಕೊಡ್ರಿ" ಎಂದು ಒಳಗಿನ ತಯಾರಿಗೆ ಓಡಿದರು. ನಮ್ಮ ಕೇಡು ಆರಂಭವಾದದ್ದು ಹನ್ನೊಂದು ಇಪ್ಪತ್ತರ ಆ ನಿಮಿಷದಿಂದ.

ನಾನು ಹಾಳೆಯನ್ನು ಅಪ್ಪನ ಮುಂದೆ ಹಿಡಿದೆ. ಅಪ್ಪ ಕೈ ಹಿಂದಕ್ಕೆಳೆದುಕೊಂಡರು. "ಕೊಟ್ಟ ಹೆಣ್ಮಗಳು. ನಾ ಹ್ಯಾಂಗ ಸಹಿ ಮಾಡ್ಲಿ? ನಾಳೆ ಏನರ ಆದ್ರ ಬೀಗರಿಗೆ ಯಾವ ಮಾರಿ ತೋರಸ್ಲಿ? ಅಳಿಯಂದ್ರಿಗೆ ಫೋನ್ ಹಚ್ಚು."

ಅಳಿಯ ಅಫಜಲಪುರದ ಕಡೆ ಯಾರದೋ ತೋಟದ ಬಾವಿಯಲ್ಲಿ ಮೋಟರು ದುರಸ್ತಿ ಮಾಡುತ್ತಿದ್ದ. ರಿಂಗಾಗುತ್ತಿದ್ದ ಫೋನು ದಂಡೆಯ ಮೇಲೆ ನಿಲ್ಲಿಸಿದ್ದ ಬೈಕಿನ ಚೀಲದಲ್ಲಿತ್ತಂತೆ. ಏಳು ಸಲ ಹಚ್ಚಿದೆ. ಕೊನೆಗೆ ಜೇವರ್ಗಿ ತಾಲ್ಲೂಕಿನ ಅಂದೋಲಾದಲ್ಲಿದ್ದ ಕಸ್ತೂರಿಯ ಮಾವನವರಿಗೆ ಹಚ್ಚಿ, ಅಪ್ಪನಿಗೂ ಕೇಳಿಸಲೆಂದು ಸ್ಪೀಕರಿಗೆ ಹಾಕಿದೆ. ಅವರೂ ಸಜ್ಜನರೇ. "ತವರ ಮನ್ಯಾಗ ಅದಾಳ, ಹಿರ್ಯಾರು ನೀವ್ ಅದೀರಿ. ನಿಮ್ಮನ್ನ ಮೀರಿ ನಾ ಏನ್ ಹೇಳ್ಲಿ? ನಮ್ಮ ಹುಡುಗನ್ನ ಒಂದ್ ಮಾತು ಕೇಳ್ರಿ" ಎಂದರು. ಅಪ್ಪ ಫೋನಿಗೇ ಕೈಮುಗಿದು, "ಛೇ ಛೇ, ಹಂಗಲ್ರಿ ಬೀಗರ, ಈಗ ಆಕಿ ನಿಮ್ಮ ಮನಿ ಮಗಳು" ಎಂದರು. ಮದುವೆಮನೆಯ ಪಂಕ್ತಿಯಲ್ಲಿ ಮೊದಲು ನೀವು ಕೂಡ್ರಿ, ಇಲ್ಲ ನೀವೇ ಕೂಡ್ರಿ ಎಂದು ಮರ್ಯಾದೆ ಮಾಡಿಕೊಳ್ಳುವವರ ಹಾಗೆ ಎರಡು ಮನೆಗಳ ಹಿರಿಯರು ನನ್ನ ತಂಗಿಯ ಜೀವವನ್ನು ಒಬ್ಬರಿಗೊಬ್ಬರು ಬಿಟ್ಟುಕೊಡುತ್ತಿದ್ದರು. ಇಬ್ಬರಲ್ಲಿ ಒಬ್ಬರೂ ಕೆಟ್ಟವರಲ್ಲ ಎಂಬುದೇ ನನ್ನನ್ನು ಇಂದಿಗೂ ಹೆದರಿಸುತ್ತದೆ.

ಕಸ್ತೂರಿ ಹತ್ತು ಹೆಜ್ಜೆ ಆಚೆ, ಬಾಗಿಲು ತೆರೆದ ಕೋಣೆಯ ಮಂಚದ ಮೇಲೆ ಅವ್ವನ ಕೈ ಹಿಡಿದು ಮಲಗಿದ್ದಳು. ಎಚ್ಚರವಾಗಿದ್ದಳು, ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಕಡೆಗೆ ಅವಳೇ ಕೂಗಿದಳು: "ಮೂರು ತಾಲ್ಲೂಕಿನ ಮಂದಿ ಕೂಡಿದ್ರೂ ಒಂದು ಸಹಿ ಆಗವಲ್ದೇನು? ಆ ಪೆನ್ ಇತ್ತ ತಾ ಬೇ ಅಕ್ಕಾ!"

ಅಷ್ಟರಲ್ಲಿ ಹೊರಬಂದ ನರ್ಸಮ್ಮನನ್ನು ಅಪ್ಪ, "ಆಕೀದು ನಡೀತದೇನ್ರಿ?" ಎಂದು ಕೇಳಿದರು.

"ಮತ್ತ್ಯಾರದು ಬೇಕ್ರಿ? ಹೊಟ್ಟಿ ಆಕೀದು. ಕೆಂಪ್ ಶಾಯಿ ಆದ್ರೂ ಆಗ್ಲಿ, ಮಾಡವ್ವಾ ಮೊದ್ಲು."

ಕಸ್ತೂರಿ ಸಹಿ ಹಾಕಿದಾಗ ಹನ್ನೊಂದು ಐವತ್ತೆರಡು. ಮೂವತ್ತೆರಡು ನಿಮಿಷ ನಾವು ಕಾದದ್ದು ಯಾರಿಗಾಗಿ? ಅಪ್ಪನಿಗೆ ತಿಳಿದಿರಲಿಲ್ಲ ಎನ್ನಬಹುದು, ನನಗೆ? ಹದಿನೆಂಟು ತುಂಬಿದವರು ತಮ್ಮ ದೇಹದ, ಬದುಕಿನ ನಿರ್ಧಾರಕ್ಕೆ ತಾವೇ ಒಡೆಯರು ಎಂದು ವರ್ಷವರ್ಷವೂ ಕಲಿಸುವವಳು ನಾನು. ಆ ಬೆಳಿಗ್ಗೆಯೂ ಅದೇ ಉತ್ತರ ಬರೆದ ಹುಡುಗಿಯೊಬ್ಬಳಿಗೆ ಪೂರ್ತಿ ಅಂಕ ಕೊಟ್ಟಿದ್ದೆ. ಆ ಅಂಕ ಕೊಟ್ಟ ಪೆನ್ನನ್ನು ಹಿಡಿದುಕೊಂಡೇ ಇಪ್ಪತ್ಮೂರು ವರ್ಷದ ತಂಗಿಯ ಪರವಾಗಿ ಸಹಿ ಹಾಕುವ ಗಂಡಸನ್ನು ಹುಡುಕುತ್ತಿದ್ದೆ.

ಕೂಸನ್ನು ಹೊರತೆಗೆದರು, ಅದು ಅಳಲಿಲ್ಲ. ಕಲಬುರಗಿಯ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಹನ್ನೊಂದು ದಿನವಿದ್ದು ಬದುಕಿತು. ಹೊರಗಿನ ಬೆಂಚಿನ ಮೇಲೆ ಕೂತು ನಾನು ಆ ಮೂವತ್ತೆರಡು ನಿಮಿಷಗಳನ್ನು ಮತ್ತೆ ಮತ್ತೆ ಎಣಿಸಿದೆ. ಏಳು ಕರೆಗಳು. ಹತ್ತು ಹೆಜ್ಜೆ.

ಅಲ್ಲಿಯೇ ಹೊಳೆದದ್ದಿಷ್ಟು. ಮದುವೆಯಾದ ಮೇಲೆ ನಮ್ಮ ರೇಷನ್ ಕಾರ್ಡಿನಿಂದ ಕಸ್ತೂರಿಯ ಹೆಸರು ತೆಗೆಸಿದ್ದೆವು. ಅಂದೋಲಾದವರು, ಹೇಗೂ ಕೂಸು ಬರುತ್ತದಲ್ಲ, ಎರಡೂ ಹೆಸರು ಒಮ್ಮೆಗೇ ಸೇರಿಸೋಣ ಎಂದು ತಡೆದಿದ್ದರು. ಒಂದು ವರ್ಷ ಅವಳು ಯಾವ ಮನೆಯ ಕಾಗದದಲ್ಲೂ ಇರಲಿಲ್ಲ, ಅದು ಯಾರಿಗೂ ಕೊರತೆ ಅನ್ನಿಸಿರಲಿಲ್ಲ. ಮಗಳೆಂದರೆ ಒಂದು ಕಾರ್ಡಿನಿಂದ ಇನ್ನೊಂದು ಕಾರ್ಡಿಗೆ ಹೋಗುವ ಹೆಸರು ಎಂದೇ ನಮ್ಮ ಲೆಕ್ಕ. ಕಾನೂನು ಹಾಗನ್ನುವುದಿಲ್ಲ. ತನ್ನನ್ನು ತಾನು ಸಾಕಿಕೊಳ್ಳಲಾಗದ ಮಗಳನ್ನು ಮದುವೆಯಾಗುವ ತನಕ ಹೆತ್ತವರು ಸಲಹಬೇಕು ಎನ್ನುತ್ತದೆ, ಅದು ಹೊಣೆ. ಅವಳ ಪರವಾಗಿ ತೀರ್ಮಾನಿಸುವ ಅಧಿಕಾರವಾದರೋ ಹದಿನೆಂಟಕ್ಕೇ ಮುಗಿದಿರುತ್ತದೆ. ಮದುವೆಯ ದಿನ ಅಪ್ಪ ಅಳಿಯನಿಗೆ ಒಪ್ಪಿಸಿದೆನೆಂದುಕೊಂಡ ಆ ಅಧಿಕಾರ ಆಗ ಅವರ ಕೈಯಲ್ಲಿ ಇರಲೇ ಇಲ್ಲ. ಆಸರೆ ಬೇರೆ, ಅಪ್ಪಣೆ ಬೇರೆ. ಮೂವತ್ತೊಂದಾದರೂ ಮದುವೆಯಾಗದೆ ಅವ್ವನ ಕಾರ್ಡಿನಲ್ಲೇ ಉಳಿದಿರುವ ನಾನು, ಸ್ಕೂಟರ್ ಕೊಳ್ಳುವ ದಿನವೂ ಅಪ್ಪನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಸಹಿ ಹಾಕಿದವಳು. ಪಾಠ ಮಾಡುವುದು ಸುಲಭ.

ಮನೆಗೆ ಬಂದಮೇಲೂ ನಿದ್ದೆ ಬರಲಿಲ್ಲ. ಕೂಸಿನ ಉಸಿರು ನೋಡಲು ಕಸ್ತೂರಿ ಏಳುತ್ತಿದ್ದಳು, ಅವಳನ್ನು ನೋಡಲು ನಾನು. ಪಡಸಾಲೆಯಲ್ಲಿ ಅಪ್ಪ ಕೆಮ್ಮಿ, ತಾವೂ ಎಚ್ಚರವಿರುವುದನ್ನು ತಿಳಿಸುತ್ತಿದ್ದರು.

ಒಂದೂವರೆ ತಿಂಗಳಿಗೆ ಲಸಿಕೆ ಹಾಕಿಸಲು ಊರಿನ ಅಂಗನವಾಡಿಗೆ ಹೋದೆವು. ಬರೆದುಕೊಳ್ಳುತ್ತಿದ್ದಾಕೆ ರೂಢಿಯಂತೆ ಪುಸ್ತಕವನ್ನು ಅಪ್ಪನ ಕಡೆ ತಿರುಗಿಸಿದರು: "ಇಲ್ಲೊಂದು ಸಹಿ ಮಾಡ್ರಿ ಯಪ್ಪಾ."

ಅಪ್ಪ ಪುಸ್ತಕವನ್ನು ಮುಟ್ಟಲಿಲ್ಲ. ನನ್ನ ಕಡೆ ಕೈಚಾಚಿ ಪೆನ್ನು ಕೇಳಿದರು. ಚೀಲದಲ್ಲಿದ್ದದ್ದು ಅದೇ ಕೆಂಪು ಪೆನ್ನು. ಅದನ್ನು ಒಂದು ಕ್ಷಣ ನೋಡಿ, ಕಸ್ತೂರಿಯ ತೊಡೆಯಿಂದ ಕೂಸನ್ನೆತ್ತಿಕೊಂಡು, ಖಾಲಿಯಾದ ಅವಳ ಕೈಗೆ ಪೆನ್ನು ಕೊಟ್ಟರು. "ತಾಯಿ ಇಲ್ಲೇ ಅದಾಳಲ್ರಿ. ಆಕಿನ್ನ ಕೇಳ್ರಿ."

ಆ ರಾತ್ರಿ ಕೂಸು ಒಮ್ಮೆ ಅತ್ತಿತಂತೆ, ಕಸ್ತೂರಿ ಹಾಲು ಕುಡಿಸಿ ಮಲಗಿಸಿದಳಂತೆ. ನನಗೂ ಅಪ್ಪನಿಗೂ ಅದು ಬೆಳಗಾದ ಮೇಲೆಯೇ ತಿಳಿದದ್ದು. ಪತ್ರಿಕೆ ತಿದ್ದಲು ಪೆನ್ನು ಹುಡುಕಿದರೆ ಸಿಗಲಿಲ್ಲ. ಅದು ಲಸಿಕೆ ಕಾರ್ಡಿಗೆ ಸಿಕ್ಕಿಸಿಕೊಂಡು ಅವಳ ತಲೆದಿಂಬಿನ ಬಳಿ ಇತ್ತು. ಕೇಳದೆ ತೆಗೆದುಕೊಳ್ಳುವುದು ಬೇಡವೆಂದು, ಅವಳು ಏಳುವವರೆಗೆ ಕಾದೆ.